ಅಡುಗೆಮನೆಯಿಂದ ಪ್ರಯೋಗಶಾಲೆಗೆ

ಗಾಯದ ಕೀವೋ ಗಂಟಲಿನ ದ್ರವವೋ ಆಸ್ಪತ್ರೆಯ ಪ್ರಯೋಗಶಾಲೆಗೆ ಪರೀಕ್ಷೆಗಾಗಿ ಬಂದಾಗ ಅಲ್ಲಿಯವರು ಅಂಗೈಯಗಲದ ಒಂದು ಮುಚ್ಚಳದ ತಟ್ಟೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಆ ತಟ್ಟೆಯ ತಳದಲ್ಲಿ ಜೇನಿನ ಬಣ್ಣದ, ನುಣುಪಾದ, ಮುಟ್ಟಿದರೆ ಮೃದುವಾಗಿ ತೋರುವ ಒಂದು ಹಾಸು ಇರುತ್ತದೆ. ಸಣ್ಣ ತಂತಿಯ ತುದಿಯನ್ನು ಕೀವಿಗೆ ಮುಟ್ಟಿಸಿ ಆ ಹಾಸಿನ ಮೇಲೆ ಗೆರೆಯೆಳೆದಂತೆ ಸವರಿ, ತಟ್ಟೆಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡುತ್ತಾರೆ. ಮರುದಿನ ಬೆಳಗ್ಗೆ ನೋಡಿದರೆ ಹಾಸಿನ ಮೇಲೆ ಸಾಸಿವೆಯ ಕಾಳುಗಳಂಥ ಚುಕ್ಕೆಗಳು ಎದ್ದಿರುತ್ತವೆ. ಒಂದೊಂದು ಚುಕ್ಕೆಯೂ ಲಕ್ಷಾಂತರ ಸೂಕ್ಷ್ಮಜೀವಿಗಳ ಒಂದು ಕುಟುಂಬ. ಒಂದೇ ಮೂಲದಿಂದ, ಒಂದೇ ಸ್ಥಳದಲ್ಲಿ ಹುಟ್ಟಿ ಬೆಳೆದದ್ದು. ರೋಗಕ್ಕೆ ಕಾರಣವಾದ ಜೀವಿ ಯಾವುದು, ಯಾವ ಔಷಧ ಅದನ್ನು ತಡೆಯಬಲ್ಲದು ಎಂಬುದನ್ನು ವೈದ್ಯರು ಈ ಚುಕ್ಕೆಗಳಿಂದಲೇ ಅರಿಯುತ್ತಾರೆ.

ಇಂದು ಇದು ಪ್ರತಿದಿನದ ಕೆಲಸ. ಆದರೆ 1881ಕ್ಕೆ ಮುಂಚೆ ಇದನ್ನು ಇಷ್ಟು ಸಲೀಸಾಗಿ ಮಾಡಬಲ್ಲವರು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾದ, ಸದಾ ಚಲಿಸುವ, ಒಂದರೊಡನೊಂದು ಬೆರೆತುಹೋಗುವ ಜೀವಿಗಳನ್ನು ಒಂದೆಡೆ ನಿಲ್ಲಿಸುವುದು ಹೇಗೆ ಎಂಬುದೇ ಅಂದಿನ ವಿಜ್ಞಾನಿಗಳ ದೊಡ್ಡ ತೊಡಕಾಗಿತ್ತು. ಆ ತೊಡಕನ್ನು ಬಿಡಿಸಿದವಳು ವೈದ್ಯಳಲ್ಲ, ಪ್ರಾಧ್ಯಾಪಕಿಯಲ್ಲ, ಯಾವ ವಿಶ್ವವಿದ್ಯಾನಿಲಯದ ಪದವೀಧರೆಯೂ ಅಲ್ಲ. ಅವಳು ಒಬ್ಬ ಗೃಹಿಣಿ. ಹೆಸರು ಫ್ಯಾನಿ ಹೆಸ್ಸೆ.

ಆಕೆಯ ಪೂರ್ಣ ಹೆಸರು ಏಂಜೆಲಿನಾ ಫ್ಯಾನಿ ಐಲ್ಶೇಮಿಯಸ್. 1850ರ ಜೂನ್ 22ರಂದು ಅಮೆರಿಕದ ನ್ಯೂಯಾರ್ಕಿನಲ್ಲಿ ಜನಿಸಿದಳು. ತಂದೆಯ ಪೂರ್ವಿಕರು ಡಚ್ಚರು. ಆತ ಹೊರದೇಶಗಳಿಂದ ಸರಕು ತರಿಸಿ ಮಾರುತ್ತಿದ್ದ ಅನುಕೂಲಸ್ಥ ವರ್ತಕ. ತಾಯಿ ಸ್ವಿಟ್ಸರ್ಲೆಂಡಿನ ಫ್ರೆಂಚ್ ಮನೆತನದವಳು. ಹತ್ತು ಮಕ್ಕಳಲ್ಲಿ ಫ್ಯಾನಿಯೇ ಹಿರಿಯಳು. ಆ ಹತ್ತರಲ್ಲಿ ಐದು ಮಕ್ಕಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡವು. ಅನುಕೂಲವುಳ್ಳ ಮನೆಗಳಲ್ಲಿಯೂ ತೊಟ್ಟಿಲುಗಳು ಬರಿದಾಗುತ್ತಿದ್ದ ಕಾಲವದು. ಹಲವು ರೋಗಗಳು ಏಕೆ ಬರುತ್ತವೆ, ಹೇಗೆ ಹರಡುತ್ತವೆ ಎಂಬುದು ಆಗ ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು ಬಹು ಮಂದಿ ವೈದ್ಯರು ಸಹ ನಂಬಿದ್ದರು. ಒಡಹುಟ್ಟಿದವರ ಸಾವನ್ನು ಕಂಡು ಬೆಳೆದ ಈ ಹುಡುಗಿಯೇ ಮುಂದೆ ರೋಗಾಣುಗಳನ್ನು ಹಿಡಿದು ನಿಲ್ಲಿಸುವ ಸಾಧನವನ್ನು ಜಗತ್ತಿಗೆ ಕೊಡುವಳೆಂದು ಯಾರು ತಾನೇ ಊಹಿಸಬಲ್ಲವರಾಗಿದ್ದರು?

ಹಿರಿಯ ಮಗಳಾದುದರಿಂದ ಫ್ಯಾನಿಗೆ ಮನೆಗೆಲಸದ ಪರಿಚಯ ಬೇಗನೆ ಆಯಿತು. ತಾಯಿಯಿಂದಲೂ ಮನೆಯ ಸೇವಕಿಯರಿಂದಲೂ ಆಕೆ ಅಡುಗೆಯನ್ನು ಕಲಿತಳು. ಹಣ್ಣಿನ ರಸವನ್ನು ಗಟ್ಟಿಗಟ್ಟಿಸಿ ಮಾಡುವ ಜೆಲ್ಲಿಗಳು ಅವರ ಮನೆಯ ಊಟದಲ್ಲಿ ಬಳಕೆಯಲ್ಲಿದ್ದ ತಿನಿಸು. ಸಾಮಾನ್ಯವಾಗಿ ಇಂಥ ಜೆಲ್ಲಿಯನ್ನು ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆದ ಜೆಲಾಟಿನ್ ಎಂಬ ಅಂಟುವಸ್ತುವಿನಿಂದ ಮಾಡುತ್ತಾರೆ. ಅದು ಬೇಸಗೆಯಲ್ಲಿ ನಿಲ್ಲದೆ ಕರಗಿ ನೀರಾಗುತ್ತದೆ. ಫ್ಯಾನಿಯ ಪರಿಚಯದ ಡಚ್ ಕುಟುಂಬವೊಂದು ಹಿಂದೆ ಜಾವಾ ದ್ವೀಪದಲ್ಲಿ ನೆಲೆಸಿತ್ತು. ಅಂದು ಜಾವಾ ಡಚ್ಚರ ಆಳ್ವಿಕೆಯಲ್ಲಿತ್ತು. ಅಲ್ಲಿಯ ಸೆಕೆಯಲ್ಲಿಯೂ ಕರಗದಂಥ ಜೆಲ್ಲಿಯನ್ನು ಅಲ್ಲಿಯ ಜನರು ಕಡಲಪಾಚಿಯಿಂದ ತೆಗೆದ ಒಂದು ವಸ್ತುವಿನಿಂದ ಮಾಡುತ್ತಿದ್ದರು. ಮಲಯ ಭಾಷೆಯಲ್ಲಿ ಅದಕ್ಕೆ ಅಗಾರ್ ಅಗಾರ್ ಎಂದು ಹೆಸರು. ನೆರೆಹೊರೆಯ ಬಳಕೆಯಿಂದ ಈ ಕಡಲಪಾಚಿಯ ಗುಟ್ಟು ಫ್ಯಾನಿಗೆ ತಿಳಿಯಿತು. ನಮ್ಮ ಊರುಗಳ ದಿನಸಿ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಿಂದ ಮಾರುವ, ಬಿಳಿಯ ಎಳೆಗಳಂತೆ ಕಾಣುವ ವಸ್ತು ಇದೇ.

ಹದಿನೈದನೆಯ ವಯಸ್ಸಿನಲ್ಲಿ ಫ್ಯಾನಿಯನ್ನು ಸ್ವಿಟ್ಸರ್ಲೆಂಡಿಗೆ ಕಳುಹಿಸಿದರು. ಅಲ್ಲಿ ಆಕೆ ಫ್ರೆಂಚ್ ಭಾಷೆಯನ್ನೂ ಗೃಹಕೃತ್ಯಗಳನ್ನೂ ಕಲಿತಳು. ಅಂದಿನ ಸಿರಿವಂತ ಮನೆಗಳ ಹೆಣ್ಣುಮಕ್ಕಳಿಗೆ ದೊರೆಯುತ್ತಿದ್ದ ಶಿಕ್ಷಣ ಬಹುಮಟ್ಟಿಗೆ ಅಷ್ಟೇ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ವಾಲ್ಟರ್ ಹೆಸ್ಸೆ ಎಂಬ ತರುಣ ವೈದ್ಯನ ಪರಿಚಯವು ಆಕೆಗೆ 1872ರ ಸುಮಾರಿಗೆ ಆಯಿತು. ಲೈಪ್‌ಜಿಗ್‌ನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಹೆಸ್ಸೆ ಯುದ್ಧಭೂಮಿಯಲ್ಲಿ ಸೇವೆ ಸಲ್ಲಿಸಿದವನು. ಬಳಿಕ ನ್ಯೂಯಾರ್ಕಿಗೆ ಹೋಗಿಬರುವ ಹಡಗಿನ ವೈದ್ಯನಾಗಿ, ಕಡಲ ಪ್ರಯಾಣಿಕರನ್ನು ಕಾಡುವ ವಾಂತಿ ತಲೆಸುತ್ತುಗಳ ಕಾರಣವನ್ನು ಸಹ ಪರಿಶೀಲಿಸಿದವನು. 1874ರಲ್ಲಿ ಜಿನೀವಾದಲ್ಲಿ ಅವರ ವಿವಾಹವು ನೆರವೇರಿತು. ಫ್ಯಾನಿ ಜರ್ಮನಿಯ ಸೊಸೆಯಾದಳು. ಮುಂದೆ ದಂಪತಿಗಳಿಗೆ ಮೂವರು ಗಂಡುಮಕ್ಕಳು ಜನಿಸಿದರು.

ಕೆಲಕಾಲದಲ್ಲಿ ಹೆಸ್ಸೆ ಸ್ಯಾಕ್ಸನಿಯ ಗುಡ್ಡಗಾಡಿನ ಶ್ವಾರ್ಟ್ಸೆನ್‌ಬರ್ಗ್ ಎಂಬಲ್ಲಿ ಜಿಲ್ಲಾ ವೈದ್ಯನಾಗಿ ನೇಮಕಗೊಂಡನು. ಅದು ಗಣಿಗಳ ಪ್ರದೇಶ. ಸಮೀಪದ ಶ್ನೇಬರ್ಗ್ ಗಣಿಗಳಲ್ಲಿ ದುಡಿಯುವವರು ನಡುವಯಸ್ಸಿನಲ್ಲಿಯೇ ಶ್ವಾಸಕೋಶದ ರೋಗಕ್ಕೆ ತುತ್ತಾಗಿ ಸಾಯುತ್ತಿದ್ದರು. ಹೆಸ್ಸೆ ಮತ್ತೊಬ್ಬ ವೈದ್ಯನೊಡನೆ ಸೇರಿ ಅದನ್ನು ಶ್ರದ್ಧೆಯಿಂದ ಪರಿಶೀಲಿಸಿ, ಅದು ಶ್ವಾಸಕೋಶದ ಗೆಡ್ಡೆರೋಗವೆಂದು 1879ರಲ್ಲಿ ಪ್ರಕಟಿಸಿದನು. ಗಣಿಯ ಕಲ್ಲುಗಳಿಂದ ಹೊಮ್ಮುವ ವಿಕಿರಣಶೀಲ ಅನಿಲವೇ ಅದಕ್ಕೆ ಕಾರಣವೆಂಬುದು ಬಹುಕಾಲದ ನಂತರ ತಿಳಿಯಿತು. ಜನರು ಉಸಿರಾಡುವ ಗಾಳಿಯಲ್ಲಿ ಏನಿದೆ ಎಂಬ ಪ್ರಶ್ನೆ ಹೆಸ್ಸೆಯ ಮನಸ್ಸನ್ನು ಬಲವಾಗಿ ಹಿಡಿದುಕೊಂಡಿತು. ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳನ್ನು ಎಣಿಸಬೇಕೆಂಬ ಹಂಬಲದಿಂದ ಆತ 1881ರಲ್ಲಿ ಬರ್ಲಿನ್ನಿಗೆ ಹೋಗಿ ರಾಬರ್ಟ್ ಕಾಕ್‌ನ ಪ್ರಯೋಗಶಾಲೆಯನ್ನು ಸೇರಿದನು.

ಕಾಕ್‌ನ ಹೆಸರು ಆಗ ಯೂರೋಪಿನಲ್ಲೆಲ್ಲ ಹಬ್ಬುತ್ತಿತ್ತು. ದನಕುರಿಗಳನ್ನು ಕೊಲ್ಲುವ ನೆರಡಿ ರೋಗಕ್ಕೆ ಒಂದು ನಿರ್ದಿಷ್ಟ ಬ್ಯಾಕ್ಟೀರಿಯವೇ ಕಾರಣವೆಂದು 1876ರಲ್ಲಿ ತೋರಿಸಿದ್ದ ಆತ, ಮಾನವನ ರೋಗಗಳಿಗೂ ಇಂಥದೇ ಕಾರಣಗಳಿವೆಯೆಂದು ಸಿದ್ಧಪಡಿಸಲು ಹೊರಟಿದ್ದನು. ಒಂದು ರೋಗಕ್ಕೆ ಒಂದು ಜೀವಿ ಕಾರಣವೆಂದು ಸಾಧಿಸಬೇಕಾದರೆ ಆ ಒಂದನ್ನು ಮಾತ್ರ ಉಳಿದೆಲ್ಲವುಗಳಿಂದ ಬೇರ್ಪಡಿಸಿ ಬೆಳೆಸಬೇಕು. ತೊಡಕಿದ್ದುದು ಇಲ್ಲಿಯೇ. ಅಂದಿನವರು ಸೂಕ್ಷ್ಮಜೀವಿಗಳನ್ನು ಮಾಂಸದ ಸಾರಿನಂಥ ದ್ರವಗಳಲ್ಲಿ ಬೆಳೆಸುತ್ತಿದ್ದರು. ದ್ರವದಲ್ಲಿ ಹಲವು ಜಾತಿಯ ಜೀವಿಗಳು ಒಟ್ಟಿಗೆ ಈಜಾಡುತ್ತವೆ, ಬೆರೆಯುತ್ತವೆ, ಬಲವಾದುದು ಬಡಕಲಾದುದನ್ನು ಮುಳುಗಿಸುತ್ತದೆ. ಕೊನೆಗೆ ಕಾಣುವುದು ಒಂದು ಬಗ್ಗಡ ಮಾತ್ರ. ಅದರಲ್ಲಿ ಯಾವುದು ಯಾವುದೆಂದು ಹೇಳುವವರಾರು?

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಂಥ ಊರುಗಳ ಗದ್ದೆಬಯಲನ್ನು ಬಲ್ಲವರಿಗೆ ಈ ತೊಡಕು ಸುಲಭವಾಗಿ ಅರ್ಥವಾದೀತು. ಹತ್ತು ಬಗೆಯ ಬೀಜಗಳನ್ನು ಬೆರೆಸಿ ತುಂಬಿದ ಕಾಲುವೆಗೆ ಎಸೆದರೆ ಯಾವ ಬೀಜ ಎಲ್ಲಿ ಹೋಯಿತೆಂದು ಯಾರೂ ಹೇಳಲಾರರು. ಅವೇ ಬೀಜಗಳನ್ನು ಹದವಾದ ಸಸಿಮಡಿಯಲ್ಲಿ ವಿರಳವಾಗಿ ಚೆಲ್ಲಿದರೆ ಒಂದೊಂದೂ ಬಿದ್ದಲ್ಲಿಯೇ ಮೊಳೆಯುತ್ತದೆ. ಭತ್ತ ಭತ್ತವಾಗಿ, ರಾಗಿ ರಾಗಿಯಾಗಿ ಕಾಣಿಸುತ್ತದೆ. ಬೇಕಾದುದನ್ನು ಕಿತ್ತು ಬೇರೆಡೆ ನೆಡಬಹುದು. ಸೂಕ್ಷ್ಮಜೀವಿಗಳಿಗೂ ಇಂಥ ಒಂದು ಸಸಿಮಡಿ ಬೇಕಾಗಿತ್ತು. ಅದು ಜೀವಿಯನ್ನು ಬಿದ್ದಲ್ಲಿಯೇ ಹಿಡಿದಿಡುವಷ್ಟು ಗಟ್ಟಿಯಾಗಿರಬೇಕು. ಆದರೆ ಆಹಾರವೂ ನೀರೂ ಅದಕ್ಕೆ ದೊರೆಯುವಷ್ಟು ತೇವವಾಗಿರಬೇಕು. ಜೀವಿಯನ್ನು ಕೊಲ್ಲದೆ ಕಟ್ಟಿಹಾಕಬೇಕು.

ಕಾಕ್ ಮೊದಲು ಬೇಯಿಸಿ ಕತ್ತರಿಸಿದ ಆಲೂಗೆಡ್ಡೆಯ ಹೋಳುಗಳನ್ನು ಬಳಸಿದನು. ಅವುಗಳ ಮೇಲೆ ಕೆಲವು ಬ್ಯಾಕ್ಟೀರಿಯಗಳು ಬೇರೆ ಬೇರೆ ಚುಕ್ಕೆಗಳಾಗಿ ಬೆಳೆದುದು ನಿಜ. ಆದರೆ ರೋಗ ತರುವ ಹಲವು ಜೀವಿಗಳಿಗೆ ಆಲೂಗೆಡ್ಡೆ ರುಚಿಸಲಿಲ್ಲ. ಅದರ ಆಚೆಗೆ ಬೆಳಕು ಹಾಯುವುದೂ ಇಲ್ಲವಾದುದರಿಂದ ಸೂಕ್ಷ್ಮದರ್ಶಕದಲ್ಲಿ ನೋಡಲು ಅನುಕೂಲವಿರಲಿಲ್ಲ. ಅನಂತರ ಆತ ಪೋಷಕ ದ್ರವಕ್ಕೆ ಜೆಲಾಟಿನ್ನನ್ನು ಬೆರೆಸಿ ಗಾಜಿನ ಫಲಕದ ಮೇಲೆ ಹೆಪ್ಪುಗಟ್ಟಿಸಿದನು. ಇದು ದೊಡ್ಡ ಹೆಜ್ಜೆ. 1881ರಲ್ಲಿ ಲಂಡನ್ನಿನಲ್ಲಿ ನಡೆದ ವೈದ್ಯರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಲೂಯಿ ಪ್ಯಾಶ್ಚರ್ ಮೊದಲಾದ ಮಹನೀಯರ ಮುಂದೆ ಆತ ತನ್ನ ಈ ವಿಧಾನವನ್ನು ಪ್ರದರ್ಶಿಸಿದನು. ಆದರೆ ಜೆಲಾಟಿನ್ನಿಗೆ ಎರಡು ದೋಷಗಳಿದ್ದವು. ಸುಮಾರು 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಕರಗತೊಡಗುತ್ತದೆ. ಮಾನವನ ರೋಗಾಣುಗಳಾದರೋ ಮೈಯ ಬಿಸಿಯಾದ 37 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಅದಲ್ಲದೆ ಜೆಲಾಟಿನ್ ಒಂದು ಪ್ರೋಟೀನಾದುದರಿಂದ ಅನೇಕ ಬ್ಯಾಕ್ಟೀರಿಯಗಳು ಅದನ್ನೇ ತಿಂದು ನೀರಾಗಿಸುತ್ತವೆ. ಕೈದಿಯೇ ಸೆರೆಮನೆಯ ಗೋಡೆಯನ್ನು ತಿಂದು ಮುಗಿಸಿದಂತಾಗುತ್ತಿತ್ತು.

ಹೆಸ್ಸೆಯ ಕೆಲಸಕ್ಕೂ ಇದೇ ಅಡ್ಡಿ ಬಂದಿತು. ಆತ ಉದ್ದವಾದ ಗಾಜಿನ ಕೊಳವೆಗಳ ಒಳಮೈಗೆ ಪೋಷಕ ಜೆಲಾಟಿನ್ನನ್ನು ಲೇಪಿಸಿ, ಅವುಗಳ ಮೂಲಕ ಗಾಳಿಯನ್ನು ಮೆಲ್ಲನೆ ಹಾಯಿಸುತ್ತಿದ್ದನು. ಗಾಳಿಯಲ್ಲಿನ ಜೀವಿಗಳು ಲೇಪದ ಮೇಲೆ ಕುಳಿತು, ಕೆಲವು ದಿನಗಳಲ್ಲಿ ಚುಕ್ಕೆಗಳಾಗಿ ಬೆಳೆಯಬೇಕು. ಆತ ಅವನ್ನು ಎಣಿಸಬೇಕು. ಬೇಸಗೆಯ ಬಿಸಿ ಏರಿದಾಗ ಲೇಪವು ಜಾರಿ ಕೊಳವೆಯ ತಳಕ್ಕೆ ಇಳಿಯುತ್ತಿತ್ತು. ದಿನಗಟ್ಟಲೆ ಕಾದು ಮಾಡಿದ ಶ್ರಮವೆಲ್ಲ ಒಂದು ಮಧ್ಯಾಹ್ನದ ಸೆಕೆಯಲ್ಲಿ ಕರಗಿಹೋಗುತ್ತಿತ್ತು.

ಈ ಕೆಲಸದಲ್ಲಿ ಫ್ಯಾನಿ ದೂರ ನಿಂತು ನೋಡುವವಳಾಗಿರಲಿಲ್ಲ. ಮನೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುತ್ತಲೇ ಗಂಡನ ಪ್ರಯೋಗಗಳಲ್ಲಿ ನೆರವಾಗುತ್ತಿದ್ದಳು. ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ನೋಡಿ ಬಣ್ಣದ ಚಿತ್ರಗಳನ್ನು ಬರೆಯುತ್ತಿದ್ದಳು. ಆಕೆಯ ಒಬ್ಬ ತಮ್ಮ ಮುಂದೆ ಅಮೆರಿಕದಲ್ಲಿ ಹೆಸರಾಂತ ಚಿತ್ರಕಾರನಾದನು. ಚಿತ್ರಕಲೆ ಆ ಮನೆತನದಲ್ಲಿಯೇ ಇತ್ತೆನ್ನಬೇಕು. ಈ ದುಡಿಮೆಗೆ ಆಕೆಗೆ ಸಂಬಳವಿರಲಿಲ್ಲ, ಹುದ್ದೆಯ ಹೆಸರೂ ಇರಲಿಲ್ಲ. ಜೆಲಾಟಿನ್ ಕರಗುವ ಸಂಕಟವನ್ನು ಗಂಡನು ಮನೆಯಲ್ಲಿ ತೋಡಿಕೊಂಡಾಗ ಆಕೆಗೆ ತನ್ನ ಅಡುಗೆಮನೆಯ ಜೆಲ್ಲಿ ನೆನಪಾಯಿತು. ಆಕೆ ಮಾಡಿದ ಜೆಲ್ಲಿಗಳೂ ಸಿಹಿತಿನಿಸುಗಳೂ ಎಷ್ಟೇ ಸೆಕೆಯಿದ್ದರೂ ಕರಗುತ್ತಿರಲಿಲ್ಲ. ಅವಕ್ಕೆ ತಾನು ಬಳಸುತ್ತಿದ್ದ ಕಡಲಪಾಚಿಯ ಅಗಾರನ್ನೇ ಪ್ರಯೋಗಕ್ಕೂ ಬಳಸಬಹುದೆಂದು ಆಕೆ ಗಂಡನಿಗೆ ಸೂಚಿಸಿದಳು. ಹೆಸ್ಸೆ ಅದನ್ನು ಹಗುರವಾಗಿ ತಳ್ಳಿಹಾಕಲಿಲ್ಲ, ಪರೀಕ್ಷಿಸಿ ನೋಡಿದನು. ಲೇಪವು ಜಾರಲಿಲ್ಲ. ಬ್ಯಾಕ್ಟೀರಿಯಗಳು ಅದನ್ನು ತಿಂದು ಕರಗಿಸಲೂ ಇಲ್ಲ.

ಅಗಾರಿನ ಈ ಗುಣಗಳಿಗೆ ಕಾರಣವೇನು? ಕೆಂಪು ಜಾತಿಯ ಕಡಲಪಾಚಿಗಳ ಮೈಯಲ್ಲಿ ಸಕ್ಕರೆಯ ಅಣುಗಳು ಸರಪಳಿಯ ಕೊಂಡಿಗಳಂತೆ ಉದ್ದಕ್ಕೆ ಜೋಡಣೆಗೊಂಡಿರುತ್ತವೆ. ಇಂಥ ಉದ್ದನೆಯ ಸರಪಳಿಗಳನ್ನು ವಿಜ್ಞಾನಿಗಳು ಪಾಲಿಮರ್ ಎನ್ನುತ್ತಾರೆ. ಕುದಿಯುವ ನೀರಿನಲ್ಲಿ ಈ ಸರಪಳಿಗಳು ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ. ಆರಿದಾಗ ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗಿ, ಬಲೆಯ ಕಣ್ಣುಗಳಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ತುಪ್ಪ ಸವರಿದ ತಟ್ಟೆಗೆ ಸುರಿದ ಹಾಲುಬಾಯಿ ಆರಿದಂತೆಲ್ಲ ಗಟ್ಟಿಯಾಗುವುದನ್ನು ನಮ್ಮ ಮನೆಗಳಲ್ಲಿ ನೋಡುತ್ತೇವಷ್ಟೆ. ನೂರು ಪಾಲು ನೀರಿಗೆ ಒಂದೂವರೆ ಪಾಲು ಅಗಾರ್ ಇದ್ದರೂ ಸಾಕು, ಗಟ್ಟಿಯಾದ ಹಾಸು ದೊರೆಯುತ್ತದೆ. ಆಹಾರದ ಕಣಗಳು ಬಲೆಯ ಕಣ್ಣುಗಳಲ್ಲಿ ಹಾದು ಬರಬಲ್ಲವು. ಅವುಗಳಿಗಿಂತ ಬಹಳ ದೊಡ್ಡದಾದ ಬ್ಯಾಕ್ಟೀರಿಯ ಮಾತ್ರ ಕದಲಲಾರದು. ಅದು ಇದ್ದಲ್ಲಿಯೇ ಉಣ್ಣುತ್ತದೆ, ಇದ್ದಲ್ಲಿಯೇ ಒಂದು ಎರಡಾಗಿ ಎರಡು ನಾಲ್ಕಾಗಿ ಬೆಳೆಯುತ್ತದೆ.

ಇದಕ್ಕಿಂತ ವಿಚಿತ್ರವಾದ ಗುಣ ಇನ್ನೊಂದುಂಟು. ಅಗಾರ್ ಕರಗಬೇಕಾದರೆ ಸುಮಾರು 85 ಡಿಗ್ರಿಗೂ ಮೀರಿದ ಬಿಸಿ ಬೇಕು. ಆದರೆ ಒಮ್ಮೆ ಕರಗಿದ ಮೇಲೆ 40 ಡಿಗ್ರಿಯ ಆಸುಪಾಸಿಗೆ ಆರುವವರೆಗೂ ಅದು ಗಟ್ಟಿಯಾಗುವುದಿಲ್ಲ. ಆದುದರಿಂದ ಉಗುರುಬೆಚ್ಚಗಿನ ಅಗಾರ್ ದ್ರವಕ್ಕೆ ಜೀವಂತ ಬ್ಯಾಕ್ಟೀರಿಯಗಳನ್ನು ಬೆರೆಸಿದರೂ ಅವು ಸಾಯುವುದಿಲ್ಲ. ತಟ್ಟೆಗೆ ಸುರಿದು ಆರಲು ಬಿಟ್ಟರೆ ಒಂದೊಂದು ಜೀವಿಯೂ ತನ್ನ ಸ್ಥಳದಲ್ಲಿ ಸೆರೆಯಾಗುತ್ತದೆ. ಆಮೇಲೆ 37 ಡಿಗ್ರಿಯ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟರೂ ಹಾಸು ಕರಗದು. ಚೈತ್ರ ವೈಶಾಖಗಳಲ್ಲಿ ಬಸವಾಪಟ್ಟಣದ ಮಧ್ಯಾಹ್ನದ ಬಿಸಿ 35 ಡಿಗ್ರಿಯನ್ನು ದಾಟುವುದುಂಟು. ಅಲ್ಲಿಯ ಪ್ರಯೋಗಶಾಲೆಯೊಂದರಲ್ಲಿ ಜೆಲಾಟಿನ್ ಹಾಸನ್ನು ಮೇಜಿನ ಮೇಲಿಟ್ಟರೆ ಗಳಿಗೆಯಲ್ಲಿ ಪಾನಕವಾದೀತು. ಅಗಾರ್ ಹಾಸಾದರೋ ನಿಶ್ಚಲವಾಗಿರುತ್ತದೆ. ನಮ್ಮಂಥ ಸೆಕೆಯ ನಾಡುಗಳಲ್ಲಿ ಈ ಶಾಸ್ತ್ರ ಬೇರೂರಲು ಫ್ಯಾನಿಯ ಸಲಹೆ ಎಷ್ಟು ಉಪಕಾರಿಯಾಯಿತೆಂಬುದನ್ನು ಇದರಿಂದ ತಿಳಿಯಬಹುದು.

ಹೆಸ್ಸೆ ಈ ಸಂಗತಿಯನ್ನು ಕಾಕ್‌ನಿಗೆ ತಿಳಿಸಿದನು. ಕಾಕ್ ಅದರ ಬೆಲೆಯನ್ನು ಕೂಡಲೇ ಅರಿತನು. ಆತ ಆಗ ಕ್ಷಯರೋಗದ ಮೂಲವನ್ನು ಹುಡುಕುತ್ತಿದ್ದನು. 1882ರ ಮಾರ್ಚ್ 24ರಂದು ಬರ್ಲಿನ್ನಿನ ವಿದ್ವತ್ಸಭೆಯಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದುದನ್ನು ಪ್ರಕಟಿಸಿ ಜಗತ್ತನ್ನೇ ಬೆರಗುಗೊಳಿಸಿದನು. ಆ ರೋಗಾಣುವನ್ನು ಆತ ಬಹುಮಟ್ಟಿಗೆ ಹೆಪ್ಪುಗಟ್ಟಿಸಿದ ರಕ್ತದ್ರವದ ಮೇಲೆ ಬೆಳೆಸಿದ್ದನಾದರೂ, ಮೈಯ ಬಿಸಿಯಲ್ಲಿಯೂ ಗಟ್ಟಿಯಾಗಿ ನಿಲ್ಲುವ ಅಗಾರ್ ಮಾಧ್ಯಮವನ್ನು ತನ್ನ ಪ್ರಬಂಧದಲ್ಲಿ ಚುಟುಕಾಗಿ ಹೆಸರಿಸಿದನು. ಆ ಸಲಹೆ ಎಲ್ಲಿಂದ ಬಂದಿತು, ಯಾರು ಕೊಟ್ಟರು ಎಂಬುದನ್ನು ಮಾತ್ರ ಹೇಳಲಿಲ್ಲ. ಫ್ಯಾನಿಯ ಹೆಸರಾಗಲಿ, ಆಕೆಯ ಗಂಡನ ಹೆಸರಾಗಲಿ ಅಲ್ಲಿ ಬರಲಿಲ್ಲ.

1887ರಲ್ಲಿ ಕಾಕ್‌ನ ಸಹಾಯಕನಾದ ಜೂಲಿಯಸ್ ರಿಚರ್ಡ್ ಪೆಟ್ರಿ ಎಂಬಾತ ಮುಚ್ಚಳವುಳ್ಳ ಚಪ್ಪಟೆಯಾದ ಗಾಜಿನ ತಟ್ಟೆಯನ್ನು ಬಳಕೆಗೆ ತಂದನು. ಅಗಾರ್ ಹಾಸಿಗೆ ಅದು ಹೇಳಿ ಮಾಡಿಸಿದಂತಿತ್ತು. ಇಂದಿಗೂ ಆ ತಟ್ಟೆಯನ್ನು ಪೆಟ್ರಿ ತಟ್ಟೆಯೆಂದೇ ಕರೆಯುತ್ತಾರೆ. ತಟ್ಟೆಗೆ ಪೆಟ್ರಿಯ ಹೆಸರು ನಿಂತಿತು. ತಟ್ಟೆಯಲ್ಲಿನ ವಸ್ತುವಿಗೆ ಮಲಯ ಭಾಷೆಯ ಹೆಸರು ಉಳಿಯಿತು. ಅದನ್ನು ಅಲ್ಲಿಗೆ ತಂದವಳ ಹೆಸರು ಎಲ್ಲಿಯೂ ಕಾಣಿಸಲಿಲ್ಲ.

ಗಟ್ಟಿ ಹಾಸಿನ ಮೇಲೆ ರೋಗಾಣುಗಳನ್ನು ಬೇರ್ಪಡಿಸುವ ಕ್ರಮ ಹಬ್ಬಿದಂತೆ ರೋಗಗಳ ಗುಟ್ಟುಗಳು ಒಂದೊಂದಾಗಿ ಬಯಲಾದವು. ಕಾಕ್ ಸ್ವತಃ ಭಾರತಕ್ಕೆ ಬಂದು 1884ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಪ್ರತ್ಯೇಕಿಸಿದನು. ಅದಕ್ಕೆ ಆತ ಬಳಸಿದ್ದು ತನ್ನ ಹಳೆಯ ಜೆಲಾಟಿನ್ ಹಾಸನ್ನೇ. ಹತ್ತು ವರ್ಷಗಳ ಬಳಿಕ, 1894ರಲ್ಲಿ, ಅಲೆಕ್ಸಾಂಡರ್ ಯೆರ್ಸಿನ್ ಎಂಬ ವೈದ್ಯನು ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ಗಡ್ಡೆಯಿಂದ ತೆಗೆದ ಕೀವನ್ನು ಅಗಾರಿನ ಮೇಲೆ ಬಿತ್ತಿ, ಅಲ್ಲಿ ಎದ್ದ ಬಿಳಿಯ ಚುಕ್ಕೆಗಳಲ್ಲಿ ಪ್ಲೇಗಿನ ರೋಗಾಣುವನ್ನು ಕಂಡನು. ನಾಲ್ಕು ವರ್ಷಗಳ ತರುವಾಯ, 1898ರಲ್ಲಿ, ಅದೇ ಮಾರಿ ಬೆಂಗಳೂರಿಗೆ ಕಾಲಿಟ್ಟಿತು. ಮೈಸೂರು ಸಂಸ್ಥಾನದ ಊರೂರುಗಳಲ್ಲಿ ಜನರು ಮನೆಗಳಿಗೆ ಬೀಗವಿಕ್ಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಬದುಕಿದ ಆ ದಿನಗಳ ಕಥೆಯನ್ನು ಹಿರಿಯರು ಬಹುಕಾಲ ಹೇಳುತ್ತಿದ್ದರು. ಆದರೆ ಆಗ ಶತ್ರು ಯಾರೆಂಬುದಾದರೂ ತಿಳಿದಿತ್ತು. ಶತ್ರುವಿನ ಗುರುತು ಸಿಕ್ಕುವುದೇ ಗೆಲುವಿನ ಮೊದಲ ಮೆಟ್ಟಿಲು.

ಇತ್ತ ಹೆಸ್ಸೆ ದಂಪತಿಗಳು ತಮ್ಮ ಕೆಲಸದಲ್ಲಿಯೇ ಮಗ್ನರಾಗಿದ್ದರು. 1890ರಲ್ಲಿ ಹೆಸ್ಸೆಗೆ ಡ್ರೆಸ್ಡನ್ ನಗರಕ್ಕೆ ವರ್ಗವಾಯಿತು. ಕುಡಿಯುವ ನೀರು, ಎಳೆಯ ಮಕ್ಕಳಿಗೆ ಕೊಡುವ ಹಾಲು ಇವುಗಳ ಶುದ್ಧಿಗಾಗಿ ಆತ ಶ್ರಮಿಸಿದನು. 1908ರಲ್ಲಿ ಕರುಳಿನ ಬ್ಯಾಕ್ಟೀರಿಯಗಳನ್ನು ಕುರಿತು ಆತ ಪ್ರಕಟಿಸಿದ ಪ್ರಬಂಧಕ್ಕೆ ಫ್ಯಾನಿಯೇ ಚಿತ್ರಗಳನ್ನು ಬರೆದಳು. ಆಕೆಗೆ ಆಗ ಐವತ್ತೆಂಟು ವರ್ಷ. ಪ್ರಷ್ಯದ ವಿಶ್ವವಿದ್ಯಾನಿಲಯಗಳು ಹೆಣ್ಣುಮಕ್ಕಳಿಗೆ ಪೂರ್ಣವಾಗಿ ಬಾಗಿಲು ತೆರೆದುದು ಅದೇ ವರ್ಷ. ಆಕೆಯ ತಾರುಣ್ಯದಲ್ಲಿ ಆ ಬಾಗಿಲುಗಳು ಮುಚ್ಚಿದ್ದವು. ತೆರೆದಿದ್ದರೆ ಆಕೆಯ ಹೆಸರು ಪ್ರಬಂಧದ ಅಡಿಯಲ್ಲಿರುತ್ತಿತ್ತೋ ಏನೋ!

1911ರಲ್ಲಿ ವಾಲ್ಟರ್ ಹೆಸ್ಸೆ ತೀರಿಕೊಂಡನು. ಆ ಬಳಿಕ ಫ್ಯಾನಿ ಇಪ್ಪತ್ತಮೂರು ವರ್ಷ ಬಾಳಿದಳು. ಮೊದಲ ಮಹಾಯುದ್ಧವನ್ನೂ, ಅದರ ಬೆನ್ನಿಗೆ ಜರ್ಮನಿಯನ್ನು ಕಾಡಿದ ಕಷ್ಟದ ವರ್ಷಗಳನ್ನೂ ಕಂಡಳು. ತನ್ನ ಸಲಹೆಯಿಂದ ಆಕೆ ಹಣವನ್ನು ಗಳಿಸಲಿಲ್ಲ, ಕೀರ್ತಿಯನ್ನೂ ಗಳಿಸಲಿಲ್ಲ. ಅದನ್ನು ದೊಡ್ಡದೆಂದು ಹೇಳಿಕೊಳ್ಳುವ ಸ್ವಭಾವವೂ ಆಕೆಯದಾಗಿರಲಿಲ್ಲ. 1934ರ ಡಿಸೆಂಬರ್ 1ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಡ್ರೆಸ್ಡನ್ನಿನಲ್ಲಿ ಆಕೆ ನಿಧನಳಾದಳು. ಅಷ್ಟು ಹೊತ್ತಿಗೆ ಜಗತ್ತಿನ ಎಲ್ಲ ಖಂಡಗಳ ಪ್ರಯೋಗಶಾಲೆಗಳಲ್ಲಿಯೂ ಅಗಾರ್ ಬಳಕೆಯಾಗುತ್ತಿತ್ತು.

ಆಕೆ ತೀರಿಕೊಂಡ ಐದು ವರ್ಷಗಳ ನಂತರ, 1939ರಲ್ಲಿ, ಅಮೆರಿಕದ ಹಿಚೆನ್ಸ್ ಮತ್ತು ಲೈಕಿಂಡ್ ಎಂಬ ಇಬ್ಬರು ವಿದ್ವಾಂಸರು ಅಗಾರಿನ ಇತಿಹಾಸವನ್ನು ಶೋಧಿಸಿ ಒಂದು ಲೇಖನವನ್ನು ಪ್ರಕಟಿಸಿದರು. ಸಾಮಾನ್ಯ ಅಗಾರ್ ಮಾಧ್ಯಮಕ್ಕೆ ಶ್ರೀಮತಿ ಹೆಸ್ಸೆಯ ಹೆಸರನ್ನೇ ಇಡಬೇಕೆಂದು ಸಲಹೆ ಮಾಡಿದರು. ಹಳೆಯ ಹೆಸರು ಆಗಲೇ ರೂಢಿಯಾಗಿಬಿಟ್ಟಿತ್ತು, ಅದು ಬದಲಾಗಲಿಲ್ಲ. ಆದರೂ ಆ ಲೇಖನದಿಂದ ಮರೆಯಾಗಿದ್ದ ಹೆಸರು ಬೆಳಕಿಗೆ ಬಂದಿತು. ಅದರ ಹಿಂದೆಯೇ ಎರಡನೆಯ ಮಹಾಯುದ್ಧ ಬಂದಿತು. ಅಗಾರ್ ಬಹುಪಾಲು ಜಪಾನಿನಿಂದ ಬರುತ್ತಿದ್ದುದರಿಂದ ಇತರ ದೇಶಗಳಿಗೆ ಅದು ದುರ್ಲಭವಾಯಿತು. ಅಗಾರ್ ಇಲ್ಲದೆ ರೋಗಪರೀಕ್ಷೆ ಇಲ್ಲ, ಲಸಿಕೆಯ ಕೆಲಸ ಇಲ್ಲ ಎಂಬುದು ಆಗ ಎಲ್ಲರಿಗೂ ಅರಿವಾಯಿತು. ದೇಶದೇಶಗಳವರು ತಮ್ಮ ತಮ್ಮ ಕಡಲ ತೀರಗಳಲ್ಲಿ ಪಾಚಿಯನ್ನು ಅರಸತೊಡಗಿದರು. ಇಂದು ತಮಿಳುನಾಡಿನ ಕರಾವಳಿಯಲ್ಲಿ ದೊರೆಯುವ ಕಡಲಪಾಚಿಯಿಂದಲೂ ಅಗಾರನ್ನು ತೆಗೆಯುತ್ತಾರೆ.

ಜೀವಕೋಶಗಳನ್ನು ನೋಡುವುದಕ್ಕಾಗಿ ನಿಲ್ಲಿಸಿದ ಈ ಉಪಾಯ ಮುಂದೆ ಅವುಗಳಿಂದ ದುಡಿಮೆ ಮಾಡಿಸುವುದಕ್ಕೂ ಒದಗಿತು. ದ್ರವದಲ್ಲಿ ತೇಲುವ ಬ್ಯಾಕ್ಟೀರಿಯಗಳಿಂದ ಒಂದು ವಸ್ತುವನ್ನು ತಯಾರಿಸಿದರೆ ಪ್ರತಿಸಲವೂ ಅವನ್ನು ಸೋಸಿ ಎಸೆಯಬೇಕಾಗುತ್ತದೆ. ಅವನ್ನೇ ಜೆಲ್ಲಿನ ಬಲೆಯಲ್ಲಿ ಸೆರೆಹಿಡಿದು ಕೊಳವೆಯಲ್ಲಿ ತುಂಬಿ, ಮೇಲಿನಿಂದ ಕಚ್ಚಾ ದ್ರವವನ್ನು ಹರಿಸಿದರೆ ಕೆಳಗಿನಿಂದ ಸಿದ್ಧವಸ್ತು ಇಳಿದುಬರುತ್ತದೆ. ಕೆಲಸಗಾರ ಕೋಶಗಳು ಒಳಗೇ ಉಳಿಯುತ್ತವೆ. 1973ರಲ್ಲಿ ಜಪಾನಿನ ತನಾಬೆ ಸೇಯಾಕು ಸಂಸ್ಥೆಯಲ್ಲಿ ಇಚಿರೋ ಚಿಬಾಟ ಮತ್ತು ಸಂಗಡಿಗರು ಹೀಗೆ ಬ್ಯಾಕ್ಟೀರಿಯ ಕೋಶಗಳನ್ನು ಮಾನವನಿರ್ಮಿತ ಪಾಲಿಮರ್ ಜೆಲ್ಲಿನಲ್ಲಿ ನಿಲ್ಲಿಸಿ, ಔಷಧ ಮತ್ತು ಆಹಾರಗಳಿಗೆ ಬೇಕಾದ ಅಮೈನೋ ಆಮ್ಲವೊಂದನ್ನು ಕಾರ್ಖಾನೆಯ ಪ್ರಮಾಣದಲ್ಲಿ ತಯಾರಿಸಿದರು. ಕೆಲವು ವರ್ಷಗಳಲ್ಲಿ ಆ ಜೆಲ್ಲಿನ ಬದಲಿಗೆ ಕೆಂಪು ಕಡಲಪಾಚಿಯ ಮತ್ತೊಂದು ಜೆಲ್ ಬಂದಿತು. ಕಡಲಪಾಚಿ ಮತ್ತೆ ಮುಂದಿನ ಸಾಲಿಗೆ ಬಂದಂತಾಯಿತು.

ಕಂದುಬಣ್ಣದ ಕಡಲಪಾಚಿಯಿಂದ ದೊರೆಯುವ ಆಲ್ಜಿನೇಟ್ ಎಂಬ ವಸ್ತುವಂತೂ ಶಾಲೆಯ ಮೇಜಿನ ಮೇಲೆಯೇ ಈ ಸೋಜಿಗವನ್ನು ತೋರಿಸಬಲ್ಲದು. ಅದರ ದ್ರಾವಣಕ್ಕೆ ಯೀಸ್ಟನ್ನು ಕಲಸಿ, ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿಗೆ ಹನಿಹನಿಯಾಗಿ ಬಿಟ್ಟರೆ ಒಂದೊಂದು ಹನಿಯೂ ಸಬ್ಬಕ್ಕಿಯಂಥ ಗುಂಡಾಗಿ ಗಟ್ಟಿಯಾಗುತ್ತದೆ. ಒಳಗೆ ಸಿಕ್ಕಿದ ಯೀಸ್ಟು ಜೀವಂತವಾಗಿಯೇ ಇದ್ದು, ಸಕ್ಕರೆಯ ನೀರಿನಲ್ಲಿ ಹಾಕಿದರೆ ಗುಳ್ಳೆಗಳನ್ನು ಎಬ್ಬಿಸುತ್ತದೆ. 1980ರಲ್ಲಿ ಲಿಮ್ ಮತ್ತು ಸನ್ ಎಂಬ ವಿಜ್ಞಾನಿಗಳು ಇಂಥ ಗುಂಡುಗಳಲ್ಲಿ ಇನ್ಸುಲಿನ್ ಉತ್ಪಾದಿಸುವ ಕೋಶಗಳನ್ನು ಇಟ್ಟು, ಸಕ್ಕರೆ ಕಾಯಿಲೆಯ ಇಲಿಗಳ ಮೈಯಲ್ಲಿ ಸೇರಿಸಿ, ಕೆಲವು ವಾರಗಳ ಕಾಲ ಕಾಯಿಲೆಯನ್ನು ಹತೋಟಿಯಲ್ಲಿಟ್ಟರು. ಮನುಷ್ಯರಿಗೂ ಈ ಉಪಾಯ ದಕ್ಕಬೇಕೆಂದು ಸಂಶೋಧನೆಗಳು ನಡೆಯುತ್ತಿವೆ.

ಅಡಿಕೆ ತೋಟಕ್ಕೆ ಕೊಳೆರೋಗ ಬಂದಾಗ ಅದರ ಮೂಲವಾದ ಸೂಕ್ಷ್ಮಜೀವಿಯನ್ನು ಕೃಷಿವಿಜ್ಞಾನಿಗಳು ಅಗಾರಿನ ಮೇಲೆ ಬೆಳೆಸಿ ನೋಡುತ್ತಾರೆ. ದ್ವಿದಳಧಾನ್ಯದ ಬೀಜಕ್ಕೆ ಲೇಪಿಸುವ ಜೀವಾಣು ಗೊಬ್ಬರವೂ ಮೊದಲು ಶುದ್ಧವಾಗಿ ಬೇರ್ಪಡುವುದು ಅಗಾರ್ ತಟ್ಟೆಯಲ್ಲಿಯೇ. ಊರಿನ ಕುಡಿಯುವ ನೀರು ಶುದ್ಧವೋ ಅಲ್ಲವೋ ಎಂಬುದನ್ನು ಹೇಳುವುದೂ ಅದೇ. ಹೀಗೆ ಫ್ಯಾನಿ ಹೆಸ್ಸೆಯ ಉಪಕಾರ ಅವಳ ಹೆಸರನ್ನು ಕೇಳದವರ ಮನೆಬಾಗಿಲಿಗೂ ಬಂದಿದೆ.

ಜೆ‌ಲ್ಲಿಯನ್ನು ಮಾಡಲು ಬಲ್ಲ ಹೆಂಗಸರು ಆ ಕಾಲದಲ್ಲಿ ಸಾವಿರಾರು ಮಂದಿ ಇದ್ದರು. ಬ್ಯಾಕ್ಟೀರಿಯವನ್ನು ಬಲ್ಲ ವಿಜ್ಞಾನಿಗಳೂ ಹಲವರಿದ್ದರು. ಒಲೆಯ ಮುಂದೆ ಕಲಿತುದನ್ನು ಗಾಜಿನ ಕೊಳವೆಯ ಮುಂದೆ ನೆನೆದವಳು ಫ್ಯಾನಿ ಒಬ್ಬಳೇ. ಹೆಂಡತಿಯ ಮಾತೆಂದು ಅಲಕ್ಷಿಸದೆ ಅದನ್ನು ಪರೀಕ್ಷೆಗೊಡ್ಡಿದ ಗಂಡನೂ ಅಭಿನಂದನೀಯನೇ. ತಿಳಿವಳಿಕೆ ಎಲ್ಲಿ ಹುಟ್ಟಿದರೂ ತಿಳಿವಳಿಕೆಯೇ. ಅದನ್ನು ಕೊಟ್ಟವರ ಹೆಸರನ್ನು ಹೇಳುವುದು ಪಡೆದವರ ಕರ್ತವ್ಯ. 1882ರ ಆ ಪ್ರಬಂಧದಲ್ಲಿ ಬಿಟ್ಟುಹೋದ ಹೆಸರನ್ನು ಸೇರಿಸಿಕೊಂಡು ಓದುವ ಭಾರ ಈಗ ಕಲಿಯುವವರ ಮೇಲಿದೆ. ಪ್ರಯೋಗಶಾಲೆಯಲ್ಲಿ ಅಗಾರಿನ ತಟ್ಟೆಯನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಯು ಒಂದು ಕ್ಷಣ ಆಕೆಯನ್ನು ನೆನೆದರೆ ಆ ಹಳೆಯ ಸಾಲ ಸ್ವಲ್ಪವಾದರೂ ತೀರಿದಂತಾಗುತ್ತದೆ.